ವರ್ಷತೊಡಕಿನ ಲೋಡು

ಮೋಹನ್‌ಕುಮಾರನ ಬಾಯಿ ದೊಡ್ಡದು. ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ಹೋಗುವ ರಸ್ತೆಯಲ್ಲಿ ಅವನ ಕಾಯಿಪುಡಿ ಕಾರ್ಖಾನೆ ಇದೆ. ಒಳಗೆ ಕಾಯಿ ತುರಿಯುವ ಯಂತ್ರ, ಒಣಗಿಸುವ ಯಂತ್ರ ಎಲ್ಲ ಒಟ್ಟಿಗೆ ಓಡುತ್ತಿದ್ದರೂ ಅವನು ಬೈಯುವುದು ಮಾತ್ರ ಗೇಟಿನವರೆಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಮನುಷ್ಯ ಕೆಟ್ಟವನಲ್ಲ. ಬೆಳಿಗ್ಗೆ ಬೈದವರ ಮನೆಗೆ ಸಂಜೆ ತಾನೇ ಹೋಗಿ ಮಗುವಿನ ಜ್ವರ ಹೇಗಿದೆ ಎಂದು ಕೇಳಿ ಬರುವವನು. ಆದರೆ ಬೈಸಿಕೊಂಡವರಿಗೆ ಜ್ವರ ವಿಚಾರಿಸಿದ್ದು ಮರೆತುಹೋಗುತ್ತದೆ, ಬೈಗುಳ ಮರೆಯುವುದಿಲ್ಲ. ಈ ಸಣ್ಣ ವಿಷಯ ಅವನಿಗೆ ನಲವತ್ತು ದಾಟಿದರೂ ತಿಳಿದಿರಲಿಲ್ಲ.

ಅಂಥವನು ಆ ವರ್ಷ ಬೆಂಗಳೂರಿಗೆ ಹೋಗಿ ದೊಡ್ಡದೊಂದು ಬಿಸ್ಕತ್ತು ಕಂಪನಿಯ ಜೊತೆ ಮಾತು ಮುಗಿಸಿಕೊಂಡು ಬಂದ. ವರ್ಷವಿಡೀ ಅವರಿಗೆ ಬೇಕಾದ ಕಾಯಿಪುಡಿಯೆಲ್ಲ ಇವನದೇ. ಕರಾರು ಎರಡೇ. ಮೊದಲ ಲೋಡು ಹೇಳಿದ ದಿನಕ್ಕೆ ಬರಬೇಕು, ಮತ್ತು ಸುಲಿದ ಕಾಯಿ ಮರುದಿನದೊಳಗೆ ಪುಡಿಯಾಗಿರಬೇಕು. ತಡವಾದರೆ ತಿರುಳು ಹಳದಿಗೆ ತಿರುಗುತ್ತದೆ, ಅವರಿಗೆ ಬೇಕಾದದ್ದು ಮಲ್ಲಿಗೆಯ ಹಾಗೆ ಬೆಳ್ಳಗಿರುವ ಪುಡಿ. ಅಲ್ಲಿದ್ದ ಅಧಿಕಾರಿಗಳು ಕ್ಯಾಲೆಂಡರ್ ನೋಡಿ, ಯುಗಾದಿಗೆ ರಜೆ ಇದೆಯಲ್ಲ, ಹಬ್ಬವಾಗಿ ಎರಡನೆಯ ದಿನ ಬೆಳಿಗ್ಗೆ ಲೋಡು ಹೊರಡಿಸುತ್ತೀರಾ ಎಂದು ಕೇಳಿದರು. ಮೋಹನ್‌ಕುಮಾರ್ ಎದೆ ಸೆಟೆಸಿಕೊಂಡು, “ಅದಕ್ಕೇನ್ ಸಾರ್, ಹೊರಟಾಯ್ತು ಅನ್ಕೊಳ್ಳಿ” ಎಂದು ಸಹಿ ಹಾಕಿಬಿಟ್ಟ.

ಊರಿಗೆ ಬಂದವನೇ ಎರಡನೇ ಪಾಳಿ ಶುರು ಮಾಡಲು ಹೊರಟ. ಗಾರ್ಮೆಂಟ್ಸಿಗೆ ಹೋಗುತ್ತಿದ್ದ ಹೆಂಗಸರ ಬೀದಿಗೆ ಹೋಗಿ, “ಆ ಕೆಲ್ಸ ಬುಟ್ಬುಡ್ರವ್ವ, ವರ್ಷಕ್ಕಾಗೋವಷ್ಟು ಕೆಲ್ಸ ನಮ್ಮಲ್ಲೇ ಐತೆ” ಎಂದು ಕರೆದ. ಅವನ ಮಾತು ನಂಬಿ ಬಿಟ್ಟು ಬಂದರು. ಬೀದಿಯ ಕೊನೆಯ ಮನೆಯ ಮುದುಕಿಯೊಬ್ಬಳು, “ಮಧ್ಯದಲ್ಲಿ ಕೈ ಬುಡಬ್ಯಾಡ ಕಣಪ್ಪ, ನಮ್ ಸೊಸೆ ಸಂಬಳದಲ್ಲೇ ಮನೆ ನಡೆಯೋದು” ಎಂದಾಗ ಅವನು ಆಕೆಯ ಕೈ ಹಿಡಿದು ಮಾತು ಕೊಟ್ಟಿದ್ದ.

ಕಾರ್ಖಾನೆಯ ಖರೀದಿಯೆಲ್ಲ ದೀಪಶ್ರೀಯ ಕೈಯಲ್ಲಿತ್ತು. ಅರಕಲಗೂಡು ಕಡೆಯ ರೈತರ ಮನೆಯ ಹುಡುಗಿ, ಹಾಸನದಲ್ಲಿ ಎಂ.ಬಿ.ಎ. ಓದಿದವಳು, ಇಲ್ಲಿಗೆ ಬಂದು ಮೂರು ವರ್ಷವಾಗಿತ್ತು. ಅವಳು ಒಪ್ಪಂದದ ತಾರೀಖು ನೋಡಿದಳು, ಮೋಹನ್‌ಕುಮಾರನ ಮುಖ ನೋಡಿದಳು.

“ಸಾರ್, ಎರಡನೇ ದಿನ ಬೆಳಿಗ್ಗೆ ಲೋಡು ಹೊರಡಬೇಕು ಅಂದ್ರೆ ಕಾಯಿ ಸುಲಿದು ನಮಗೆ ಯಾವತ್ತು ಬರಬೇಕು?”

“ಹಬ್ಬದ ಮಾರನೇ ದಿನ.”

“ಹಬ್ಬದ ಮಾರನೇ ದಿನ ಏನು ಸಾರ್?”

“ಏನು ಅಂದ್ರೆ? ವರ್ಷತೊಡ...” ಮಾತು ಅರ್ಧಕ್ಕೇ ನಿಂತಿತು.

ಆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಯುಗಾದಿಯ ದಿನ ಒಬ್ಬಟ್ಟು, ಮಾರನೆಯ ದಿನ ವರ್ಷತೊಡಕು, ಅಂದರೆ ಬಾಡೂಟ. ಬೆಳಿಗ್ಗೆಯೇ ಊರವರೆಲ್ಲ ಸೇರಿ ಕುರಿ ಕುಯ್ದು, ಗುಡ್ಡೆ ಗುಡ್ಡೆಯಾಗಿ ಪಾಲು ಹಾಕಿಕೊಳ್ಳುತ್ತಾರೆ. ಆ ದಿನ ಮಾಡಿದ್ದೇ ವರ್ಷವೆಲ್ಲ ನಡೆಯುತ್ತದೆಂದು ನಂಬಿಕೆ. ಅಂದು ಅತ್ತರೆ ವರ್ಷವೆಲ್ಲ ಅಳು, ಜಗಳವಾಡಿದರೆ ವರ್ಷವೆಲ್ಲ ಜಗಳ, ಮನೆಯಿಂದ ಏನಾದರೂ ಹೊರಗೆ ಹೋದರೆ ವರ್ಷವೆಲ್ಲ ಹೋಗುತ್ತಲೇ ಇರುತ್ತದೆ. ಸರ್ಕಾರಿ ರಜೆಯ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ. ಬೆಂಗಳೂರಿನ ತಣ್ಣನೆಯ ಕೋಣೆಯಲ್ಲಿ ಕೂತ ಮೋಹನ್‌ಕುಮಾರನಿಗೂ ಅದು ನೆನಪಾಗಲಿಲ್ಲ. ತಮಾಷೆಯೆಂದರೆ, ತನ್ನ ಊರಿನ ಗುಡ್ಡೆಬಾಡಿಗೆ ಅವನು ಆಗಲೇ ಎರಡು ಪಾಲು ಹೇಳಿಯಾಗಿತ್ತು.

ಕಂಪನಿಗೆ ಫೋನು ಮಾಡಿ ಒಂದು ದಿನ ಮುಂದಕ್ಕೆ ಹಾಕಿ ಎಂದು ಕೇಳಿದ. ಅಂಥ ಹಬ್ಬ ನಮ್ಮ ಕ್ಯಾಲೆಂಡರಿನಲ್ಲಿಲ್ಲ, ನಿಮಗೆ ಕಷ್ಟವಾದರೆ ಇನ್ನೊಬ್ಬರು ಸಾಲಿನಲ್ಲಿದ್ದಾರೆ ಎಂದು ಅವರು ಬಹಳ ಮರ್ಯಾದೆಯಿಂದಲೇ ಹೇಳಿದರು. ಹೊಳೆನರಸೀಪುರದ ದಾರಿಯಲ್ಲಿ ತೋಟವಿದ್ದ ರಾಮಣ್ಣ ಹಳೆಯ ಪರಿಚಯದವನು. ಅವನಿಗೆ ಫೋನು ಮಾಡಿ, ರೇಟು ಹೆಚ್ಚು ಕೊಡುತ್ತೇನೆ ಎಂದ.

“ರೇಟಿನ ಮಾತಲ್ಲ ಕಣಣ್ಣ,” ಎಂದ ರಾಮಣ್ಣ. “ಅವತ್ತು ನಮ್ಮನೆಯಿಂದ ಒಂದು ಬೆಂಕಿಕಡ್ಡಿನೂ ಈಚೆ ಓಗಂಗಿಲ್ಲ. ಇನ್ನು ಕಾಯಿ ರಾಶಿನ ಎಂಗೆ ಏರ್ಸಾನ? ನಿಮ್ಮನೇಲಿ ಏರುಸ್ತೀರಾ, ಏಳಿ?”

ಏರಿಸುವುದಿಲ್ಲ. ಫೋನು ಮೇಜಿನ ಮೇಲೆ ಕುಕ್ಕಿ ಮೋಹನ್‌ಕುಮಾರ್ ದೀಪಶ್ರೀಯ ಮೇಲೆ ಹರಿಹಾಯ್ದ. ಖರೀದಿ ನಿನ್ನದು, ಮೊದಲೇ ಹೇಳುವುದಕ್ಕೆ ಏನಾಗಿತ್ತು, ಆ ಹೆಂಗಸರಿಗೆ ನಾನು ಏನೆಂದು ಮುಖ ತೋರಿಸಲಿ ಎಂದು ಕೂಗಾಡಿದ. ಸಹಿ ಹಾಕುವಾಗ ಅವಳನ್ನು ಕೇಳಿಯೇ ಇರಲಿಲ್ಲ ಎಂಬುದು ಕೂಗುತ್ತಿರುವಾಗಲೇ ನೆನಪಾಗಿ, ದನಿ ತಾನಾಗಿಯೇ ಇಳಿಯಿತು. ದೀಪಶ್ರೀ ಅವನು ಮುಗಿಸುವವರೆಗೂ ಕಾದಳು. ಇದು ಅವಳಿಗೆ ಅಭ್ಯಾಸವಾಗಿತ್ತು.

“ಬೆಳಗೊಳದ ಕಡೆ ಜೈನರ ತೋಟಗಳಿವೆಯಲ್ಲ ಸಾರ್, ಅವರಿಗೆ ಬಾಡಿನ ಗೋಜಿಲ್ಲ. ನಿನ್ನೆನೇ ಮಾತಾಡಿದ್ದೀನಿ, ಕಾಲು ಲೋಡು ಅಲ್ಲಿಂದ ಬರುತ್ತೆ. ಮಿಕ್ಕಿದ್ದಕ್ಕೆ ಎರಡು ವಿಷಯ ಕೇಳ್ತೀನಿ. ಇಲ್ಲ ಅನ್ನಬಾರದು.”

“ಏನದು?”

“ಹಿಂದುಗಡೆ ಇರೋ ಸಸಿಗಳೆಲ್ಲ ನನಗೆ ಬೇಕು.”

ಕಾರ್ಖಾನೆಯ ಹಿಂದೆ, ನೀರಿನ ಟ್ಯಾಂಕಿನ ನೆರಳಿನಲ್ಲಿ ಸಾಲು ಸಾಲು ತೆಂಗಿನ ಸಸಿಗಳಿದ್ದವು. ಹೋದ ಮಳೆಗಾಲದಲ್ಲಿ ದೀಪಶ್ರೀ ಒಳ್ಳೆಯ ಮರಗಳ ಕಾಯಿ ಆರಿಸಿ ತಂದು ಮರಳಿನಲ್ಲಿ ಹೂಳಿಸಿದಾಗ ಮೋಹನ್‌ಕುಮಾರ್ ಗೇಟಿನವರೆಗೆ ಕೇಳುವಂತೆ ನಕ್ಕಿದ್ದ. ಇದು ಕಾರ್ಖಾನೆಯೋ ನರ್ಸರಿಯೋ, ದುಡ್ಡು ಕೊಟ್ಟು ತಂದ ಕಾಯಿಯನ್ನು ಮಣ್ಣಿಗೆ ಹಾಕುವ ಖರೀದಿಯನ್ನು ನಾನು ಎಲ್ಲೂ ಕಂಡಿಲ್ಲ ಎಂದಿದ್ದ. ಆಗ ಅವಳು, ಇಲ್ಲಿನ ತೋಟಗಳಿಗೆಲ್ಲ ವಯಸ್ಸಾಗುತ್ತಿದೆ, ಇವತ್ತಿನ ಕಾಯಿ ಕೊಳ್ಳುವುದಷ್ಟೇ ನನ್ನ ಕೆಲಸವಲ್ಲ, ಮುಂದಿನ ಕಾಯಿ ಎಲ್ಲಿಂದ ಬರುತ್ತದೆ ಎಂದೂ ನೋಡಬೇಕು ಎಂದಿದ್ದಳು. ಈಗ ಆ ಸಸಿಗಳಿಗೆ ಮೊಣಕಾಲೆತ್ತರ ಗರಿ ಬಂದಿತ್ತು.

“ತಗೋ. ಎರಡನೇದು?”

“ವರ್ಷತೊಡಕಿನ ದಿನ ನೀವು ನನ್ನ ಜೊತೆ ಲಕ್ಕಣ್ಣನವರ ಮನೆಗೆ ಬರಬೇಕು.”

ಮೋಹನ್‌ಕುಮಾರ್ ಕುರ್ಚಿಯಿಂದ ಎದ್ದೇಬಿಟ್ಟ.

ಲಕ್ಕಣ್ಣನ ತೋಟ ಹೊಳೆನರಸೀಪುರದ ಆಚೆ, ಹೇಮಾವತಿಯ ದಂಡೆಯಲ್ಲಿ. ಆ ಸುತ್ತಿನಲ್ಲಿ ಅಷ್ಟು ದೊಡ್ಡ ತೋಟ ಬೇರೆ ಇಲ್ಲ. ದೀಪಶ್ರೀ ಬರುವುದಕ್ಕೆ ಮುಂಚೆ ಒಂದು ಸಲ ಅವನ ಲಾರಿ ಗೇಟಿಗೆ ಬಂದಾಗ, ಮೋಹನ್‌ಕುಮಾರ್ ಮೇಲಿನ ಒಂದು ಕಾಯಿ ಎತ್ತಿ ಎಲ್ಲರೆದುರು ಒಡೆದಿದ್ದ. ಅದು ಕೆಟ್ಟಿತ್ತು. ಬಾಯಿ ಸುಮ್ಮನಿರಬೇಕಲ್ಲ! ಇಂಥ ಕಾಯಿ ಕೊಟ್ಟು ನನ್ನ ಮನೆ ಹಾಳು ಮಾಡಬೇಕೆಂದಿದ್ದೀರಾ ಎಂದು ಕೂಗಿ ಲಾರಿಯನ್ನು ಹಾಗೆಯೇ ತಿರುಗಿಸಿ ಕಳಿಸಿದ್ದ. ಲಕ್ಕಣ್ಣನೂ ಅವನಿಗೆ ಕಡಿಮೆಯಿಲ್ಲದಂತೆ ಕೂಗಿದ್ದ. ಅಲ್ಲಿಂದೀಚೆಗೆ ಆ ತೋಟದ ಒಂದು ಕಾಯಿಯೂ ಕಾರ್ಖಾನೆಗೆ ಬಂದಿರಲಿಲ್ಲ.

ದೀಪಶ್ರೀ ಬಂದ ಮೇಲೆ ಆ ಪದ್ಧತಿಯೇ ಬದಲಾಯಿತು. ಅವಳು ಗೇಟಿನಲ್ಲಿ ಕಾಯಿ ಒಡೆಯುವುದಿಲ್ಲ. ರೈತನ ಅಂಗಳಕ್ಕೇ ಹೋಗಿ, ಗಾಡಿಗೆ ಏರುವ ಮುಂಚೆ, ಅವನ ಕೈಯಲ್ಲೇ ನಾಲ್ಕಾರು ಕಾಯಿ ಒಡೆಸುತ್ತಾಳೆ. ಚೆನ್ನಾಗಿದ್ದರೆ ಅವರ ಜೊತೆ ಕೂತು ಬೆಲ್ಲದೊಂದಿಗೆ ತಿನ್ನುತ್ತಾಳೆ. ಕೆಟ್ಟಿದ್ದರೆ ಅಲ್ಲೇ ಬೇರೆ ಮಾಡಿಸುತ್ತಾಳೆ. ಬೇಡದ ಕಾಯಿ ಗಾಡಿ ಹತ್ತುವುದೂ ಇಲ್ಲ, ಬೇಡವೆನಿಸಿಕೊಂಡದ್ದು ನೆರೆಯವರಿಗೆ ತಿಳಿಯುವುದೂ ಇಲ್ಲ. ಗೇಟಿನಿಂದ ವಾಪಸಾಗುವ ಲಾರಿಗಳು ನಿಂತುಹೋಗಿದ್ದನ್ನು ಮೋಹನ್‌ಕುಮಾರ್ ಕಂಡಿದ್ದ. ಏಕೆ ನಿಂತವೆಂದು ಯೋಚಿಸಿರಲಿಲ್ಲ.

“ಬೇರೆ ದಿನ ಹೇಳಮ್ಮ, ಕಾಲು ಬೇಕಾದ್ರೂ ಹಿಡಿತೀನಿ,” ಎಂದ ಈಗ. “ಅವತ್ತು ಬ್ಯಾಡ. ಅವನ ಮುಖ ಕಂಡ್ರೆ ಜಗಳ ಆಯ್ತದೆ. ವರ್ಷತೊಡಕಿನ ದಿನ ಜಗಳ ಆಡೋಕಾಯ್ತದ?”

“ಆಗಲ್ಲ ಅಲ್ವಾ ಸಾರ್?” ಎಂದಳು ದೀಪಶ್ರೀ. “ಅದಕ್ಕೇ ಅವತ್ತು.”

ಅವಳು ಹೊರಗೆ ಹೋದ ಮೇಲೆ ಆ ಮಾತು ಅವನಿಗೆ ನಿಧಾನವಾಗಿ ಒಳಗಿಳಿಯಿತು. ಎಲ್ಲರಿಗೂ ಅಡ್ಡಿಯಾಗಿ ಕಂಡ ದಿನವನ್ನು ಅವಳು ಆಚೆ ಮಗ್ಗುಲಿಂದ ನೋಡಿದ್ದಳು.

ಹಬ್ಬಕ್ಕೆ ಇನ್ನೂ ದಿನಗಳಿದ್ದಾಗಲೇ ಅವಳು ರಾಮಣ್ಣನ ಊರಿನಲ್ಲಿ ಮನೆಮನೆಗೂ ಹೋಗಿ ಬಂದಳು. ಮೊದಲು ನಾವು ಕೊಡುತ್ತೇವೆ, ನೀವು ಈಸಿಕೊಳ್ಳಿ. ಮನೆಗೆ ಒಂದು ಬಂದ ಮೇಲೆ ತಾನೇ ಇನ್ನೊಂದು ಹೋಗುವುದು ಎಂದಳು. ವರ್ಷತೊಡಕಿನ ದಿನ ವ್ಯಾಪಾರ ಮಾಡಿದ ಮನೆಯಲ್ಲಿ ವರ್ಷವೆಲ್ಲ ವ್ಯಾಪಾರ ನಡೆಯಬೇಕಲ್ಲವೇ ಎಂದೂ ಕೇಳಿದಳು. ಗಂಡಸರು ತಲೆ ಕೆರೆದುಕೊಂಡರು. ಬಾಡು ಬೇಯುವವರೆಗೆ ಇಸ್ಪೀಟು ಆಡುವ ಬದಲು ಕಾಯಿ ಸುಲಿಯಲಿ ಬಿಡಿ ಎಂದು ಹೆಂಗಸರೇ ತೀರ್ಮಾನ ಮಾಡಿದರು. ಕಾರ್ಖಾನೆಯ ಹೆಂಗಸರಿಗೆ ಅವಳು ಹೊತ್ತು ಹೇಳಲಿಲ್ಲ, ಎಷ್ಟು ಹೊತ್ತಿಗೆ ಬರಬಲ್ಲಿರಿ ಎಂದು ಕೇಳಿದಳು. ಊಟ ಮುಗಿಸಿ ಬರುತ್ತೇವೆ ಎಂದರು. ಪಾಳಿ ಆ ಹೊತ್ತಿಗೇ ನಿಗದಿಯಾಯಿತು.

ವರ್ಷತೊಡಕಿನ ಬೆಳಿಗ್ಗೆ ಪಿಕಪ್ ಗಾಡಿಯ ಹಿಂದೆ ಸಸಿಗಳನ್ನು ನಿಲ್ಲಿಸಿಕೊಂಡು ಇಬ್ಬರೂ ಹೊರಟರು, ಹಿಂದೆ ಲಾರಿ. ರಾಮಣ್ಣನ ಊರಿನಲ್ಲಿ ಅರಳಿಮರದ ಕೆಳಗೆ ಮುತ್ತುಗದ ಎಲೆಗಳ ಮೇಲೆ ಬಾಡಿನ ಗುಡ್ಡೆಗಳು ಸಾಲಾಗಿದ್ದವು. ಊರಿಗೆ ಊರೇ ಪಾತ್ರೆ ಹಿಡಿದು ಅಲ್ಲಿ ನೆರೆದಿತ್ತು. ದೀಪಶ್ರೀ ಒಂದೊಂದು ಮನೆಯವರನ್ನೂ ಹೆಸರು ಹಿಡಿದು ಕರೆದು, ಸಸಿ ಮೋಹನ್‌ಕುಮಾರನ ಕೈಯಿಂದಲೇ ಕೊಡಿಸಿದಳು. ಮಳೆ ಬೀಳುವವರೆಗೆ ಬಚ್ಚಲ ನೀರು ಹರಿಯುವ ಕಡೆ ನೆರಳಿನಲ್ಲಿಟ್ಟುಕೊಳ್ಳಿ ಎಂದು ಎಲ್ಲರಿಗೂ ಹೇಳಿದಳು.

ರಾಮಣ್ಣ ಒಂದು ಕೈಯಲ್ಲಿ ಬಾಡಿನ ಪಾತ್ರೆ, ಇನ್ನೊಂದರಲ್ಲಿ ಸಸಿ ಹಿಡಿದು ನಕ್ಕ. “ವರ್ಷತೊಡಕಿನ ದಿನ ಮನೆಗೆ ತೆಂಗು ಬತ್ತಾ ಐತೆ. ಬ್ಯಾಡ ಅನ್ನಕಾಯ್ತದೇನಣ್ಣ? ತಿರುಗಿ ಬರೋ ಒತ್ಗೆ ಕಾಯಿ ಸುಲಿದಿಕ್ಕಿರ್ತೀವಿ, ನಡೀರಿ.”

ಮೋಹನ್‌ಕುಮಾರನಿಗೆ ಖುಷಿಯಾಯಿತು. ಆದರೆ ಗಾಡಿ ಹೊಳೆಯ ಕಡೆ ತಿರುಗಿದ ಕೂಡಲೇ ಖುಷಿ ಇಳಿದು ಅಳುಕು ಹತ್ತಿತು. ಲಕ್ಕಣ್ಣನ ಕಾಯಿ ಬರದಿದ್ದರೆ ಲೋಡು ಅರ್ಧವೂ ತುಂಬುವುದಿಲ್ಲ. ಲೋಡಿಲ್ಲದಿದ್ದರೆ ಒಪ್ಪಂದವಿಲ್ಲ, ಗಾರ್ಮೆಂಟ್ಸು ಬಿಟ್ಟು ಬಂದ ಹೆಂಗಸರಿಗೆ ಕೆಲಸವಿಲ್ಲ. ಆ ಮುದುಕಿಯ ಕೈ ಹಿಡಿದದ್ದು ನೆನಪಾಯಿತು.

ಲಕ್ಕಣ್ಣ ಜಗಲಿಯ ಮೇಲೆ ಕೂತಿದ್ದ. ಗಾಡಿಯಿಂದ ಇಳಿದವನನ್ನು ಕಂಡು ಅವನ ಮುಖ ಕೆಂಪಗಾಯಿತು. ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ದಿನ ನೆನಪಾಗಿ ಹಾಗೆಯೇ ಮುಚ್ಚಿದ. “ಬನ್ನಿ ಸಾವ್ಕಾರ್ರೆ,” ಎಂದ, ಹಲ್ಲು ಕಚ್ಚಿಕೊಂಡು.

‘ಸಾವ್ಕಾರ್ರೆ’ ಎಂದ ಧಾಟಿಗೆ ಮೋಹನ್‌ಕುಮಾರನ ನಾಲಿಗೆ ತುದಿಗೂ ಒಂದು ಮಾತು ಬಂತು. ಅವನೂ ನುಂಗಿಕೊಂಡ. ಆ ಸೀಮೆಯ ಎರಡು ದೊಡ್ಡ ಬಾಯಿಗಳು ಒಂದೇ ಜಗಲಿಯ ಮೇಲೆ ಬಾಯಿ ಬಿಗಿದುಕೊಂಡು ಕೂತಿದ್ದನ್ನು ನೋಡಲು ಪುಣ್ಯ ಬೇಕಿತ್ತು. ದೀಪಶ್ರೀ ಮಾತ್ರ ತನಗೇನೂ ಸಂಬಂಧವಿಲ್ಲದವಳಂತೆ ಚೊಂಬಿನ ನೀರು ಕುಡಿಯುತ್ತಿದ್ದಳು. ಲಕ್ಕಣ್ಣನ ಹೆಂಡತಿ ಕಮಲಾಕ್ಷಮ್ಮ ಮಸಾಲೆ ಹುರಿಯುತ್ತಿದ್ದವಳು ಸೌಟು ಹಿಡಿದೇ ಹೊರಗೆ ಬಂದಳು.

“ಇವತ್ತು ಯಾರೂ ಜ್ವಾರಾಗಿ ಮಾತಾಡಂಗಿಲ್ಲ. ಮಾತಾಡಿದ್ರಿ ಅಂದ್ರೆ ವರ್ಷವೆಲ್ಲಾ ಈ ಮನೇಲಿ ಕೇಳೋಳು ನಾನು.”

ಮೋಹನ್‌ಕುಮಾರ್ ಎದ್ದು ಸಸಿ ತಂದು ಲಕ್ಕಣ್ಣನ ಮುಂದೆ ಹಿಡಿದ. ಲಕ್ಕಣ್ಣ ಕೈ ಚಾಚದಿದ್ದಾಗ ಅದನ್ನು ಜಗಲಿಯ ಮೇಲೇ ಇಟ್ಟ. ಲಕ್ಕಣ್ಣ ಸಸಿಯ ಗರಿಯನ್ನೇ ನೋಡುತ್ತ, ತಗ್ಗಿದ ದನಿಯಲ್ಲಿ ಮಾತಾಡಿದ.

“ನಾಕ್ ಜನದ ಮುಂದೆ ಕಾಯಿ ಒಡೆದ್ಯಲ್ಲ ಮೋಹನ. ಕೆಟ್ಟಿದ್ದು ಒಂದು ಕಾಯಿ. ತಿರುಗ್ಸಿ ಕಳ್ಸಿದ್ದು ಇಡೀ ಲಾರಿ. ಲಾರಿ ತುಂಬಿದಂಗೇ ಊರೊಳಕ್ಕೆ ವಾಪಸ್ ಬಂತು. ಜನ ಎಲ್ಲಾ ಬಾಗ್ಲಲ್ಲಿ ನಿಂತ್ಕೊಂಡು ನೋಡುದ್ರು. ಎಂಗಾಗಿರ್ಬೇಕು ಏಳು.”

ಇದೇ ಮಾತನ್ನು ಲಕ್ಕಣ್ಣ ಅಂದೂ ಹೇಳಿದ್ದನೇನೋ. ಅಂದು ಇಬ್ಬರೂ ಕೂಗುತ್ತಿದ್ದರು, ಯಾರಿಗೂ ಏನೂ ಕೇಳಿಸಿರಲಿಲ್ಲ. ಇಂದು ತಗ್ಗಿದ ದನಿಯಲ್ಲಿ ಹೇಳಿದಾಗ ಮೋಹನ್‌ಕುಮಾರನಿಗೆ ಒಂದೊಂದು ಮಾತೂ ಕೇಳಿಸಿತು.

ಲಕ್ಕಣ್ಣ ಎದ್ದು ಅಂಗಳದ ರಾಶಿಯಿಂದ ಒಂದು ಕಾಯಿ ಎತ್ತಿ, ಸುಲಿದು ತಂದು ಅವನ ಕೈಗಿಟ್ಟ. “ಒಡಿ. ಇವತ್ತೂ ಒಡೆದು ನೋಡು.”

ಬೇಡ ಎನ್ನುವ ಹಾಗಿರಲಿಲ್ಲ. ಮೋಹನ್‌ಕುಮಾರ್ ಕಲ್ಲಿನ ಮೆಟ್ಟಿಲಿಗೆ ಕಾಯಿ ಹೊಡೆದ. ಹೋಳಾಯಿತು. ನೀರು ಚೆಲ್ಲಿದ ಹಿಂದೆಯೇ ಹುಳಿ ನಾತ ಬಂತು.

ಕಮಲಾಕ್ಷಮ್ಮನ ಕೈಯ ಸೌಟು ಎತ್ತಿದಲ್ಲೇ ನಿಂತಿತು. ರಾಶಿಯಲ್ಲಿ ಅಷ್ಟು ಕಾಯಿಗಳಿದ್ದು ಇದೇ ಕೈಗೆ ಬರಬೇಕೆ! ಲಕ್ಕಣ್ಣನ ಕಣ್ಣುಗಳು ಮೋಹನ್‌ಕುಮಾರನ ಬಾಯಿಯ ಮೇಲೇ ಇದ್ದವು. ಮೋಹನ್‌ಕುಮಾರ್ ದೀಪಶ್ರೀಯ ಕಡೆ ನೋಡಿದ. ಅವಳು ಏನೂ ಹೇಳಿಕೊಡದೆ ಅವನನ್ನೇ ನೋಡುತ್ತ ಕಾದಳು. ಅವನು ಕೂಗುತ್ತಿದ್ದಾಗಲೆಲ್ಲ ಅವಳು ಹೀಗೆಯೇ ಕಾದಿದ್ದಳು ಎಂದು ಅವನಿಗೆ ಆಗ ಹೊಳೆಯಿತು.

ಅವನು ಬಗ್ಗಿ ಎರಡು ಹೋಳನ್ನೂ ಎತ್ತಿ ತಿಪ್ಪೆಯ ಕಡೆಗೆ ಎಸೆದ. ಪಂಚೆಗೆ ಕೈ ಒರೆಸಿಕೊಂಡ. “ಒಂದು ಓಯ್ತು, ಬುಡಣ್ಣ,” ಎಂದ ಮೆಲ್ಲಗೆ. “ಇನ್ನೊಂದು ಕೊಡು.”

ಲಕ್ಕಣ್ಣ ಇನ್ನೊಂದು ಕಾಯಿ ಸುಲಿದು ತಾನೇ ಒಡೆದ. ತಿರುಳು ಬೆಳ್ಳಗೆ ದಪ್ಪಗಿತ್ತು. ಕಮಲಾಕ್ಷಮ್ಮ ಒಳಗಿಂದ ಬೆಲ್ಲದ ಅಚ್ಚು ತಂದಿಟ್ಟಳು. ನಾಲ್ವರೂ ಕಾಯಿ ಬೆಲ್ಲ ತಿಂದರು. ತಿಂದು ಮುಗಿದ ಮೇಲೆ ಲಕ್ಕಣ್ಣ ಸಸಿಯನ್ನು ಎತ್ತಿಕೊಂಡು ಹೋಗಿ ಬಚ್ಚಲ ಪಕ್ಕದ ನೆರಳಿನಲ್ಲಿಟ್ಟು, ಅಲ್ಲಿಂದಲೇ ಮಗನನ್ನು ಕೂಗಿದ.

“ಲೇ ಕುಮಾರ, ಸುಲಿಯೋರ್ನ ಕರಿಯೋ. ಲಾರಿ ಒಳಕ್ಕೆ ಬರ್ಲಿ. ಕೆಟ್ಟಿದ್ದು ಒಂದಾದ್ರೂ ಏರ್ಸಿದ್ರೆ ನೋಡು ಮತ್ತೆ!”

“ಮೆತ್ತಗೆ,” ಎಂದಳು ಕಮಲಾಕ್ಷಮ್ಮ.

ಲಾರಿಗೆ ಏರಿಸಿ ಮುಗಿಯುವವರೆಗೆ ಮೋಹನ್‌ಕುಮಾರ್ ಸುಮ್ಮನೆ ಕೂರಲಿಲ್ಲ. ಪಂಚೆ ಎತ್ತಿ ಕಟ್ಟಿ ಕಾಯಿ ಹೊತ್ತ. ಬೆವರು ಒರೆಸಿಕೊಳ್ಳುತ್ತ ನೋಡಿದರೆ, ದೀಪಶ್ರೀ ತೆಂಗಿನ ಬುಡದಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದಳು. “ಇಲ್ಲ ಕಣವ್ವ, ಬರಾಕಾಗಲ್ಲ. ನನ್ನ ಪಾಲು ತಮ್ಮನಿಗೆ ಹಾಕು. ಇವತ್ತು ಬೇಜಾರು ಮಾಡ್ಕೊಬ್ಯಾಡ, ವರ್ಷವೆಲ್ಲಾ ಮಾಡ್ಕೊತೀಯ” ಎಂದು ನಗುತ್ತಿದ್ದಳು. ಇವಳಿಗೂ ಅರಕಲಗೂಡಿನಲ್ಲಿ ಒಂದು ಮನೆ ಇದೆ, ಅಲ್ಲೂ ಇವತ್ತು ಒಲೆಯ ಮೇಲೆ ಬಾಡು ಬೇಯುತ್ತಿದೆ ಎಂಬುದು ಮೋಹನ್‌ಕುಮಾರನ ತಲೆಗೇ ಬಂದಿರಲಿಲ್ಲ. ಅವನು ಕೇಳಿಯೂ ಇರಲಿಲ್ಲ. ಅವನಿಗೆ ತುಂಬಾ ನಾಚಿಕೆಯಾಯಿತು. ಅಷ್ಟೇ ಹೆಮ್ಮೆಯೂ ಆಯಿತು.

ಹೊರಡುವಾಗ ಕಮಲಾಕ್ಷಮ್ಮ ಒಂದು ದೊಡ್ಡ ಟಿಫಿನ್ ಕ್ಯಾರಿಯರ್ ತಂದು ಗಾಡಿಯ ಕಿಟಕಿಯಲ್ಲಿ ದೀಪಶ್ರೀಯ ಮಡಿಲಿಗಿಟ್ಟಳು. “ನೀನು ಉಣ್ಣು ಮಗ. ಮಿಕ್ಕಿದ್ರೆ ಆವಯ್ಯಂಗೂ ಕೊಡು.”

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ರಾಮಣ್ಣನ ಊರಿನ ಕಾಯಿಯನ್ನೂ ಏರಿಸಿಕೊಂಡು ಲಾರಿ ಕಾರ್ಖಾನೆಗೆ ಬಂತು. ಬೆಳಗೊಳದ ಕಾಯಿ ಆಗಲೇ ಬಂದು ಇಳಿದಿತ್ತು. ಗೇಟಿನಲ್ಲಿ ಹೆಂಗಸರು ಹೊಸ ಸೀರೆಯುಟ್ಟು, ಬಾಯಲ್ಲಿ ಎಲೆಯಡಿಕೆ ಹಾಕಿಕೊಂಡು ಕಾಯುತ್ತಿದ್ದರು. ಲಾರಿ ಕಂಡು ಹೋ ಎಂದು ಕೂಗಿ ಒಳಗೆ ಓಡಿದರು. ಸ್ವಲ್ಪ ಹೊತ್ತಿಗೆಲ್ಲ ಯಂತ್ರಗಳು ಶುರುವಾದವು. ಮೊದಲ ತುರಿ ಬೆಳ್ಳಗೆ ತಟ್ಟೆಗೆ ಬಿದ್ದಾಗ ಮೋಹನ್‌ಕುಮಾರ್ ಒಂದು ಚಿಟಿಕೆ ಎತ್ತಿ ಬಾಯಿಗೆ ಹಾಕಿಕೊಂಡ. ಬೆಳಿಗ್ಗೆ ಲೋಡು ಹೊರಡುವುದರಲ್ಲಿ ಇನ್ನು ಅನುಮಾನವಿರಲಿಲ್ಲ.

ದೀಪಶ್ರೀ ಹೊರಗೆ, ಖಾಲಿಯಾದ ಸಸಿಯ ಮಡಿಗಳ ಹತ್ತಿರ ನಿಂತಿದ್ದಳು. ಮುಂದಿನ ಸಲಕ್ಕೆ ಇನ್ನೆರಡು ಮಡಿ ಹೆಚ್ಚು ಹಾಕಬೇಕೆಂದು ಆಳಿಗೆ ಹೇಳುತ್ತಿದ್ದಳು. ಮೋಹನ್‌ಕುಮಾರ್ ಅವಳ ಹತ್ತಿರ ಹೋಗಿ ನಿಂತ. ಬೈಯುವುದಾಗಿದ್ದರೆ ಇಷ್ಟು ಹೊತ್ತಿಗೆ ಮುಗಿದಿರುತ್ತಿತ್ತು, ಇದು ಬೇರೆ ಮಾತು, ನಾಲಿಗೆಗೆ ಅಭ್ಯಾಸವಿಲ್ಲ.

“ದೀಪಶ್ರೀ.”

“ಏನ್ ಸಾರ್?”

“ನಾನು ಕಾಯಿ ಕೊಂಡ್ಕೊತಿದ್ದೆ ಅಷ್ಟೇ ಕಣಮ್ಮ. ನೀನು ಜನಾನ ಉಳಿಸ್ಕೊಂಡೆ. ನಿನ್ನಂಥೋಳು ನಮ್ಮ ಕಾರ್ಖಾನೆಗೆ ಸಿಕ್ಕಿದ್ದು ನಮ್ಮ ಪುಣ್ಯ.”

ಆಳು ಕೈಯಲ್ಲಿದ್ದ ಸಲಿಕೆ ನಿಲ್ಲಿಸಿ ಇವನನ್ನೇ ನೋಡಿದ. ದೀಪಶ್ರೀಯ ಕಣ್ಣು ಒಂದು ಗಳಿಗೆ ತುಂಬಿ ಬಂತು. ಅಳುವ ದಿನವಲ್ಲವೆಂದು ತಕ್ಷಣ ನಕ್ಕುಬಿಟ್ಟಳು.

“ಹೋಗಿ ಹೋಗಿ ಇವತ್ತೇ ಹೇಳಿಬಿಟ್ರಲ್ಲ ಸಾರ್,” ಎಂದಳು. “ಇನ್ನು ವರ್ಷವೆಲ್ಲಾ ಹೇಳ್ತಾನೇ ಇರಬೇಕಾಗುತ್ತೆ.”

ಮೋಹನ್‌ಕುಮಾರ್ ನಕ್ಕ. ಈ ನಗುವೂ ಗೇಟಿನವರೆಗೆ ಕೇಳಿಸಿತು.

“ಹೇಳ್ತೀನಿ ಬುಡಮ್ಮ,” ಎಂದ. “ಈಗ ಆ ಕ್ಯಾರಿಯರ್ ತೆಗಿ, ಹೊಟ್ಟೆ ಹಸೀತಾ ಐತೆ. ಮೊದಲು ನೀನು ಬಡಿಸ್ಕೊ.”